ಚಿನ್ನದ ಡಬ್ಬಿಯ ಆಯಿಲ್

ಮಾರ್ಚ್ ೧೪, ಶುಕ್ರವಾರ

ನನ್ನ ಕುಚೇಷ್ಟೆಗಳ ಇತಿಹಾಸದಲ್ಲಿ ಇಂದು ಕರಾಳ ದಿನ.

ಚಿಕ್ಕಪ್ಪನ ಇಪ್ಪತ್ತೆಂಟು ವರ್ಷದ ಟೂರಿಂಗ್ ಬೈಕಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಇಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವುದಿಲ್ಲ ಎಂದು ಮೆಕ್ಯಾನಿಕ್ಕೂ ನಾನೂ ಬಾಯಿ ನೋಯುವಷ್ಟು ಹೇಳಿದ್ದೆವು. ಅವರಿಗೋ ಚಿನ್ನದ ಬಣ್ಣದ ಡಬ್ಬಿಯ ದುಬಾರಿ ಕಾರ್ ಆಯಿಲೇ ಬೇಕು. ಹೋದ ಸಲ ಆ ಡಬ್ಬಿಯಲ್ಲಿದ್ದುದನ್ನು ಶಾಸ್ತ್ರೋಕ್ತವಾಗಿ ಅಪ್ಪನ ಕಾರಿಗೆ ದಾನ ಮಾಡಿ, ಅದರೊಳಗೆ ಬೈಕಿನ ಮಾಮೂಲಿ ದಪ್ಪ ಆಯಿಲ್ ತುಂಬಿಟ್ಟಿದ್ದೆ. ಅದನ್ನೇ ಹಾಕಿಕೊಂಡು ಸುತ್ತಿ ಬಂದವರು, "ನೋಡಿದ್ಯೇನೋ, ಬೆಣ್ಣೆ ಹಾಗೆ ಓಡ್ತಿದೆ!" ಅಂದರು. ನಾನು ಗಂಭೀರವಾಗಿ ತಲೆದೂಗಿ, ಬಾತ್‌ರೂಮಿಗೆ ಹೋಗಿ ನಕ್ಕೆ.

ಆ ನಗು ಈಗ ನನಗೇ ತಿರುಗುಬಾಣವಾಗಿದೆ. ಭಾನುವಾರ ನಾವಿಬ್ಬರೂ ಬೆಟ್ಟ ದಾಟಿ ಸಮುದ್ರಕ್ಕೆ ಹೋಗಬೇಕು. ಮೂರು ವರ್ಷ ಕಾದ ಪ್ರವಾಸ. ಅದಕ್ಕೆಂದೇ ನಾನಿಲ್ಲದಾಗ ಹೊಸ ಚಿನ್ನದ ಡಬ್ಬಿ ತಂದು ತಾವೇ ಸುರಿದಿದ್ದಾರೆ! ಸಂಜೆ ಆಸ್ಪತ್ರೆಯ ಏರಿನಲ್ಲಿ ಇಂಜಿನ್ ಅರಚಿತು, ಬೈಕು ಆಮೆಯಂತೆ ತೆವಳಿತು. ಈ ಕ್ಲಚ್ಚಿನಲ್ಲಿ ಬೆಟ್ಟ ಹತ್ತಿದಂತೆಯೇ.

ವಿಧಿಯಿಲ್ಲದೆ ಹೋದ ಸಲ ಆಯಿಲ್ ಬದಲಿಸಿದ್ದನ್ನೆಲ್ಲ ಚಿಕ್ಕಪ್ಪನ ಮುಂದೆ ಒಪ್ಪಿಕೊಂಡೆ.

"ಹೋಗೋ, ನಿನ್ನ ಆಟ ನಂಗೊತ್ತಿಲ್ವಾ? ಈಗ್ಲೂ ಸುಳ್ಳು ಹೇಳಿ ಆಡಿಸ್ತಿದೀಯ."

"ಮತ್ತೆ ಯಾಕೆ ಜಾರ್ತಿದೆ, ಚಿಕ್ಕಪ್ಪ?"

"ಪೆಟ್ರೋಲ್ ಸರಿ ಇಲ್ಲ ಕಣೋ. ನಾಳೆ ದುಬಾರೀದು ಹಾಕಿಸೋಣ."

ಹುಟ್ಟಿದಾಗಿನಿಂದ ಮೊದಲ ಸಲ ನಿಜ ಹೇಳಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಬೆಳಗ್ಗೆ ಅವರು ಏಳುವ ಮೊದಲೇ ಕದ್ದು ಆಯಿಲ್ ಬದಲಿಸುತ್ತೇನೆ. ಭಾನುವಾರ ಬೆಟ್ಟ ಹತ್ತುವಾಗ ದಾರಿಯುದ್ದಕ್ಕೂ ಪೆಟ್ರೋಲನ್ನು ಹೊಗಳುತ್ತಾರೆ. ನಾನು ಹಿಂದೆ ಕೂತು ತಲೆದೂಗಬೇಕು. ಅಲ್ಲಿ ಬಾತ್‌ರೂಮ್ ಕೂಡ ಇರುವುದಿಲ್ಲ.