ಮನಶ್ಶಾಂತಿಗಾಗಿ ಎಬ್ಬಿಸಿ ನಿಲ್ಲಿಸಿದ ಒಗೆಯುವ ಕಲ್ಲು

ನಮ್ಮ ಗ್ರಾಮ ಪಂಚಾಯತಿನ ಸೆಕ್ರೆಟರಿಯವರಿಗೆ,

ಮಾನ್ಯರೇ,

ನೀರು ಹರಿಯುವ ತೋಡಿನ ಬದಿಯಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ ತಾವು ಅಲ್ಲಿ ‘ಮನಶ್ಶಾಂತಿ ಉದ್ಯಾನ’ ಕಟ್ಟಿಸಿದ ದಿನದಿಂದ ನನ್ನ ಮನಶ್ಶಾಂತಿ ಹೋಗಿದೆ. ದೂರು ಇಷ್ಟೇ. ಉಳಿದದ್ದನ್ನು ತಮ್ಮ ಫೈಲು ದಪ್ಪವಾಗಲಿ ಎಂದು ಬರೆಯುತ್ತಿದ್ದೇನೆ.

ನಾನು ಬೋವಿಕಾನ ದಾರಿಯಲ್ಲಿ ಓಡುವ ಖಾಸಗಿ ಬಸ್ಸಿನ ಡ್ರೈವರ್. ಕಳೆದ ವರ್ಷ ಒಂದು ತಿರುವಿನಲ್ಲಿ, ಎದುರಿಗೆ ಯಾವ ಗಾಡಿಯೂ ಇಲ್ಲದಾಗ, ಎದೆ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು. ಬಸ್ಸನ್ನು ಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ತಲೆಯಿಟ್ಟು ಅತ್ತೆ. ಹಿಂದೆ ಕುಳಿತವರು ಡೀಸೆಲ್ ಮುಗಿಯಿತೆಂದುಕೊಂಡರು. ಡಾಕ್ಟರು ಇದು ಆತಂಕದ ಕಾಯಿಲೆ ಎಂದು ಮಾತ್ರೆ ಕೊಟ್ಟು, ಮನಸ್ಸು ಹಗುರಾಗುವ ಕೆಲಸವೊಂದನ್ನು ಹುಡುಕಿಕೊಳ್ಳಲು ಹೇಳಿದರು. ಅಮ್ಮ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರು. ಗೆಳೆಯರು, ಗಂಡಸಿಗೆ ಇದೆಲ್ಲ ಎಂಥದು ಎಂದು ಧೈರ್ಯ ತುಂಬಿದರು. ಅವರು ತುಂಬಿದ ಧೈರ್ಯ ತಾಳಲಾರದೆ ನಾನು ಮನೆಯಿಂದ ಹೊರಬರುವುದನ್ನೇ ಬಿಟ್ಟೆ.

ಹೆಂಡತಿ ಉಜ್ವಲಾ ಜ್ವರದಲ್ಲಿ ಮಲಗಿದ್ದ ಒಂದು ಬೆಳಿಗ್ಗೆ ಬಕೆಟು ಹಿಡಿದು ನಾನೇ ತೋಡಿಗೆ ಹೋದೆ. ಬೆಡ್‌ಶೀಟನ್ನು ಎತ್ತಿ ಕಲ್ಲಿಗೆ ಬಡಿದಾಗ ಎದೆಯೊಳಗಿನ ಗಂಟು ಒಂಚೂರು ಸಡಿಲವಾಯಿತು. ಮತ್ತೆ ಬಡಿದೆ. ಅಳುತ್ತ ಬಡಿದೆ. ಬೆಡ್‌ಶೀಟು ಹರಿಯಿತು. ಅದು ಹೆಂಗಸರು ಒಗೆಯುವ ಜಾಗ. ಅಲ್ಲಿ ನೆರೆಮನೆಯ ಜಲಜಾಕ್ಷಿಯಕ್ಕನ ಆಡಳಿತ, ತಮ್ಮದಲ್ಲ. ನನ್ನನ್ನು ಓಡಿಸಬೇಕಾದ ಆ ಅಕ್ಕ ಮನೆಯಿಂದ ದಪ್ಪ ಕಂಬಳಿಯೊಂದನ್ನು ತಂದು ನನ್ನ ಮುಂದೆ ಹಾಕಿದರು.

“ಅದಕ್ಕೆ ಬೇಡ ಜಯಂತ, ಪಾಪ. ಇದಕ್ಕೆ ಹೊಡಿ, ಇದು ತಡೀತದೆ.”

ಯಾಕೆ ಅಳುತ್ತಿ ಎಂದು ಕೇಳಲಿಲ್ಲ. ಅದಕ್ಕೇ ಮರುದಿನವೂ ಹೋದೆ. ಬರಬರುತ್ತ ಸುತ್ತಲಿನ ಮನೆಗಳ ಕಂಬಳಿಗಳೆಲ್ಲ ನನ್ನ ಪಾಲಿಗೆ ಬಂದು ಬಣ್ಣ ಕಳೆದುಕೊಂಡವು. ಮಾತ್ರೆ ನುಂಗಿ, ಕಲ್ಲಿಗೆ ಹೋಗಿ, ಆಮೇಲೆ ಬಸ್ಸು ಹತ್ತುವವನಾದೆ. ತಿರುವು ಅದೇ ಇತ್ತು, ಕೈ ನಡುಗಲಿಲ್ಲ.

ಆಗ ತಮಗೆ ನಮ್ಮ ಮಾನಸಿಕ ಆರೋಗ್ಯದ ನೆನಪಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಬೇಲಿ ಬಂತು, ನೆಲಕ್ಕೆ ಇಂಟರ್‌ಲಾಕ್ ಬಂತು, ಸಿಮೆಂಟಿನ ಬೆಂಚು ಬಂತು. ಮಲಗಿದ್ದ ನಮ್ಮ ಕಲ್ಲನ್ನು ಎಬ್ಬಿಸಿ ನಿಲ್ಲಿಸಿ ಉದ್ಘಾಟಕರ ಹೆಸರು ಕೆತ್ತಿಸಿದಿರಿ. ಪಕ್ಕದಲ್ಲಿ ‘ಶಬ್ದ ಮಾಡಬಾರದು’ ಎಂಬ ಬೋರ್ಡು. ದುಃಖವನ್ನು ಒಳಗೆ ಇಟ್ಟುಕೊಳ್ಳಬೇಡಿ ಎಂದು ಅಂದು ಭಾಷಣವೂ ಆಯಿತು. ಸರಿ ಸ್ವಾಮಿ, ಹೊರಗೆ ಎಲ್ಲಿ ಇಡುವುದು? ಕಳೆದ ವಾರ ತಾಳಲಾರದೆ ಟವೆಲ್ಲು ಹಿಡಿದು ಹೋಗಿ ತಮ್ಮ ಬೆಂಚಿಗೆ ಬಡಿದೆ. ವಾಚ್‌ಮನ್ ನನ್ನನ್ನು ಹೊರಗೆ ಹಾಕಿದ. ಅವನ ತಪ್ಪೇನಿಲ್ಲ, ಬೋರ್ಡಿನಲ್ಲಿ ಹಾಗೇ ಇದೆ.

ಮನೆಯಲ್ಲೇ ಒಂದು ಕಲ್ಲು ಹಾಕಿಸಿಕೊಳ್ಳಿ ಎಂದರು ತಮ್ಮ ಕಚೇರಿಯವರು. ಹಾಕಿಸಿದೆ. ಆ ಕಲ್ಲಿನ ಪಕ್ಕ ಜಲಜಾಕ್ಷಿಯಕ್ಕ ಇಲ್ಲ. ಕೈ ಮತ್ತೆ ನಡುಗುತ್ತಿದೆ, ಬಸ್ಸಿನ ಕೀಯನ್ನು ಮಾಲಕರಿಗೆ ಒಪ್ಪಿಸಿದ್ದೇನೆ. ನನಗೆ ಹೆದರಿಕೆಯಾಗುತ್ತಿದೆ ಸಾರ್.

ಆದುದರಿಂದ ಉದ್ಯಾನ ಇರಲಿ, ಬೆಂಚೂ ಇರಲಿ. ಕಲ್ಲನ್ನು ಮಾತ್ರ ತೋಡಿನ ಬದಿಯಲ್ಲಿ ಮೊದಲಿನಂತೆ ಮಲಗಿಸಿ ಕೊಡಿ. ಕೆತ್ತಿದ ಹೆಸರು ಅಳಿಸಬೇಕಾಗಿಲ್ಲ, ಅಕ್ಷರಗಳು ಮೇಲೆಯೇ ಇರಲಿ. ಕಲ್ಲು ಒರಟಾಗಿದ್ದಷ್ಟು ಕೊಳೆ ಬೇಗ ಬಿಡುತ್ತದೆಂದು ಜಲಜಾಕ್ಷಿಯಕ್ಕ ಹೇಳಿದ್ದಾರೆ. ಬೇಕಾದರೆ ತಾವೂ ಒಂದು ಕಂಬಳಿ ಹಿಡಿದು ಬನ್ನಿ. ಯಾಕೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಂತಿ,
ಶಬ್ದ ಮಾಡಿದ ತಪ್ಪಿಗೆ ಶಾಂತಿಯಿಂದ ಹೊರದಬ್ಬಿಸಿಕೊಂಡ,
ಸದ್ಯಕ್ಕೆ ಬಸ್ಸಿಲ್ಲದ ಡ್ರೈವರ್,
ಜಯಂತ್