ಪಲ್ಲಂಗದ ಬಾಜೂಕಿನ ಗಿಡ

ಏನ್ರಿ,

ನಿಮಗ ಎಬ್ಬಿಸಲಿಲ್ಲ. ಠಾಣಾ ಕುಶನೂರ ಬಸ್ಸಿಗೆ ಹೊಂಟೇನಿ. ಕಲಿಸಲಿಕ್ಕ ಅಲ್ಲಿನ ಸಾಲಿಗೆ ವರ್ಗಾ ಆದ ಮ್ಯಾಲೆ ಇದು ಹದಿನೆಂಟನೇ ಸೋಮವಾರ. ಇನ್ನ ಶನಿವಾರನೇ ಬರೋದು.

ರೊಟ್ಟಿ ಬುಟ್ಟಿಯೊಳಗ ಅವ. ಪಲ್ಯ ಬಿಸಿ ಮಾಡಿಕೊಳ್ರಿ.

ಪಲ್ಲಂಗದ ಬಾಜೂಕ ನಾ ಇಟ್ಟ ಮನಿಪ್ಲಾಂಟಿನ ಎಲಿ ಬಿಸಲಿಗೆ ಸುಟ್ಟಾವು. ಖೋಲಿಯೊಳಗ ಬಿಸಲು ಎಲ್ಲಿಂದ ಬಂತ್ರಿ? ರಾತ್ರಿ ಗಿಡ ನಮ್ಮ ಗಾಳಿ ಕುಡೀತದ ಅಂತ ನಿಮ್ಮ ಅವ್ವಾರು ಹೇಳಿದ್ದು ನಂಬಿ ಅಂಗಳದಾಗ ಇಡ್ತೀರಿ, ಹಗಲು ಮರೀತೀರಿ, ನಾ ಬರೋ ದಿನ ಸುಮ್ಮನ ಒಳಗ ತರ್ತೀರಿ. ನನಗ ಎಲ್ಲಾ ತಿಳೀತದ.

ಅದು ಗಾಳಿ ಶುದ್ಧ ಮಾಡ್ತದ ಅಂತ ನಾನೂ ಅನ್ನಲ್ಲ. ಅಷ್ಟು ಸಣ್ಣ ಗಿಡದ ಕೈಲೆ ಏನಾಗ್ತದ? ಆದರ ಕಣ್ಣು ತೆರೆದ ಕೂಡಲೆ ಹಸಿರು ಕಂಡ್ರ ಜೀವಕ್ಕ ಹಗುರ ಅನಿಸ್ತದ. ಅಲ್ಲಿ ನನ್ನ ಕಿಡಕಿಯಾಗ ಇದರದೇ ಒಂದು ಟೊಂಗಿ ಬಾಟಲಿಯೊಳಗ ಇಟ್ಟೇನಿ. ಎದ್ದು ಮೊದಲು ಅದನ್ನೇ ನೋಡ್ತೇನಿ, ಆಮ್ಯಾಲೆ ಶನಿವಾರಕ್ಕ ಎಷ್ಟು ದಿನ ಉಳಿದಾವ ಅಂತ ಎಣಿಸ್ತೇನಿ.

ಇವತ್ತಿನಿಂದ ಹೊರಗ ಒಯ್ಯಬ್ಯಾಡ್ರಿ. ಆ ಗಿಡಕ್ಕಿಂತ ಹೆಚ್ಚು ಗಾಳಿ ಹನ್ನೊಂದು ವರ್ಷ ನಿಮ್ಮ ಬಾಜೂಕ ಮಲಗಿ ನಾ ಕುಡಿದೇನಿ. ನನಗ ಒಂದಿನನಾರ ಅಂಗಳದಾಗ ಇಟ್ಟೀರೇನ್ರಿ?

ಸಿದ್ದೇಶ್ವರಿ