ರೊಟ್ಟಿ ಮಾರಿದವಳ ಮಗಳ ಮದುವೆ

|| ಓಂ ನಮಃ ಶಿವಾಯ ||

ಗೋವಿಂದರಾಜನಗರ, ಬೆಂಗಳೂರು
೧೦-೪-೨೦೦೫, ಭಾನುವಾರ

ಚೇತನಾಳ ಅಪ್ಪನವರಿಗೆ ಜಯದೇವಿ ಮಾಡುವ ಶರಣು ಶರಣಾರ್ಥಿ.

ನಿನ್ನೆ ಯುಗಾದಿಯ ಬೇವು ಬೆಲ್ಲ ತಿಂದೆವು. ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಂಡಿ ನೋವು ಹೇಗಿದೆ ಎಂದು ಗುರುದೇವಿಯನ್ನು ಫೋನಿನಲ್ಲಿ ಕೇಳುತ್ತಲೇ ಇರುತ್ತೇನೆ. ನಿಮ್ಮ ಅಂಥ ತಂಗಿ ಮನೆಯಲ್ಲಿರುವುದರಿಂದ ನನಗೆ ನಿಮ್ಮ ಚಿಂತೆ ಅರ್ಧ ಕಡಿಮೆ.

ಮಗಳ ಮದುವೆ ಬಸವ ಜಯಂತಿಯ ದಿನ, ಮೇ ಹನ್ನೊಂದು ಬುಧವಾರ ಎಂದು ಗುರುದೇವಿಯ ಮೂಲಕವೇ ನಿಮಗೆ ತಿಳಿಸಿದ್ದೆ. ನೀವು ಆಶೀರ್ವಾದವನ್ನೇನೋ ಮಾಡಿದಿರಂತೆ. ಆದರೆ ಅನ್ನ ಮಾರಿದ ದುಡ್ಡಿನ ಮದುವೆಗೆ ಬಂದು ಅಕ್ಷತೆ ಹಾಕಲಾರೆ ಎಂದಿರಂತೆ. ಏಳು ವರ್ಷದ ಹಿಂದೆ ಮಿಲ್ಲು ಮುಚ್ಚಿ ನಿಮ್ಮ ಗುಮಾಸ್ತಿಕೆ ಹೋದಾಗ, ನಾನು ರೊಟ್ಟಿ ಬಡಿದು ನಮ್ಮ ಗದಗಿನ ಕಡೆಯಿಂದ ಕೆಲಸಕ್ಕೆ ಬಂದವರಿಗೆ ಊಟ ಹಾಕಿ ದುಡ್ಡು ತೆಗೆದುಕೊಂಡೆ. ಆಗಲೂ ನೀವು ಹೇಳಿದ್ದು ಇದನ್ನೇ. "ಜಂಗಮರ ಮನ್ಯಾಗ ಅನ್ನ ನೀಡತಾರ, ಮಾರೂದಿಲ್ಲ" ಎಂದು ಚೀಲ ಹೆಗಲಿಗೇರಿಸಿ ಊರಿಗೆ ಹೊರಟಿರಿ. ನಾನು ತಡೆಯಲಿಲ್ಲ. ಹೆಂಚು ಕಾದಿತ್ತು.

ಅದಕ್ಕೇ ಈ ಮದುವೆಗೆ ಯಾವುದು ಎಲ್ಲಿಂದ ಬರುತ್ತಿದೆ ಎಂದು ನಿಮಗೆ ಬರೆಯುತ್ತಿದ್ದೇನೆ. ಓದಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಬೀಗರು ಕೆಂಗೇರಿಯವರು. ಹುಡುಗ ಶಿವಯೋಗಿ ಅಲ್ಲೇ ಪಂಪು ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಕೊರಳಲ್ಲಿ ಲಿಂಗವಿದೆ, ಬಾಯಲ್ಲಿ ಗುಟ್ಕಾ ಇಲ್ಲ. ಅವನ ತಾಯಿ ಲಕ್ಷ್ಮವ್ವನವರಿಗೆ ಚೌಟ್ರಿಯಲ್ಲೇ ಆಗಬೇಕೆಂಬ ಆಸೆಯಿತ್ತು. ಮೂರು ಚೌಟ್ರಿ ನೋಡಿ ಬಂದೆ. ಒಂದು ದಿನಕ್ಕೆ ಅವರು ಕೇಳುವ ದುಡ್ಡಿನಲ್ಲಿ ನಾವು ಈ ಮನೆಯಲ್ಲಿ ಎರಡು ವರ್ಷ ಇರಬಹುದು. ನೇರವಾಗಿ ಕೆಂಗೇರಿಗೇ ಹೋಗಿ ನನ್ನ ಕೈಲಾಗುವುದಿಲ್ಲ ಎಂದುಬಿಟ್ಟೆ. ಆ ತಾಯಿ, "ಬಂಗಾರ ಗಿಂಗಾರ ನಾವು ಕೇಳ್ಲಿಲ್ಲ ಕಣ್ರೀ. ಬಂದೋರು ಹಸ್ಕೊಂಡು ಹೋಗ್ಬಾರ್ದು, ಅಷ್ಟೇ" ಎಂದರು. ಹಸಿವಿನ ಮಾತನ್ನು ನನ್ನ ಹತ್ತಿರ ಆಡಿದರಲ್ಲ ಎಂದು ಒಳಗೊಳಗೇ ನಗು ಬಂತು.

ನಮ್ಮ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಮಠವಿದೆ. ಅಲ್ಲಿಯ ಸಭಾಂಗಣಕ್ಕೆ ಬಾಡಿಗೆ ಇಲ್ಲ. ಇರುವುದು ಒಂದೇ ಕಟ್ಟಳೆ: ಅಲ್ಲಿ ಬೇಯುವುದೆಲ್ಲ ದಾಸೋಹ. ಬಾಗಿಲಿಗೆ ಬಂದವರನ್ನು ಯಾರು ಎತ್ತ ಎನ್ನದೆ ಕೂರಿಸಬೇಕು. ಬೀಗರ ಪಂಕ್ತಿ ಎಂದು ಬೇರೆ ಮಾಡುವ ಹಾಗಿಲ್ಲ. ಇದನ್ನು ಕೇಳಿ ಲಕ್ಷ್ಮವ್ವನವರ ಮುಖ ಸಣ್ಣಗಾಯಿತು. ಅವರ ಯಜಮಾನರು ದೇವೇಂದ್ರಪ್ಪನವರೇ, "ಕೊನೇ ಪಂಕ್ತೀಲಿ ಕೂತ್ರೆ ಪಾಯಸ ಧಾರಾಳವಾಗಿ ಹಾಕ್ತಾರೆ ಬಿಡೇ" ಎಂದು ನಗಿಸಿ ಒಪ್ಪಿಸಿದರು. ಒಳ್ಳೆಯ ಜನ.

ಊಟಕ್ಕೆ ಎರಡು ಸಾವಿರ ಜೋಳದ ರೊಟ್ಟಿ ಬೇಕು. ನಮ್ಮ ಕಡೆಯ ಹತ್ತು ಮನೆಯ ಹೆಂಗಸರು ತಂತಮ್ಮ ಜೋಳದಲ್ಲೇ ಮನೆಗಿಷ್ಟು ಎಂದು ಹಂಚಿಕೊಂಡಿದ್ದಾರೆ, ಊರಲ್ಲಿ ಪುರಾಣ ಮುಗಿಯುವ ದಿನದ ಊಟಕ್ಕೆ ಮಾಡುವ ಹಾಗೆ. ಮನೆ ಓನರ್ ಕೃಷ್ಣಯ್ಯನವರ ಹೆಂಡತಿ ತಾವೂ ಬಡಿಯುತ್ತೇನೆಂದು ಕೂತರು. ಹಿಟ್ಟು ಕೈಗೇ ಮೆತ್ತಿಕೊಂಡಿತು. "ಜಯಮ್ಮ, ಮುದ್ದೆ ಕಟ್ಟು ಅನ್ನಿ, ಐನೂರು ಕಟ್ತೀನಿ. ಇದು ನನ್ ಕೈಲಾಗಲ್ಲ" ಎಂದು ಎದ್ದರು. ಹಾಗಾಗಿ ಮದುವೆಯಲ್ಲಿ ಮುದ್ದೆಯೂ ಇರುತ್ತದೆ. ಮಾಗಡಿ ರೋಡಿನಲ್ಲಿ ತರಕಾರಿ ಗಾಡಿ ಇಟ್ಟಿರುವ ದೊಡ್ಡಹನುಮಯ್ಯ ಆರು ವರ್ಷದಿಂದ ನಮ್ಮಲ್ಲೇ ಮಧ್ಯಾಹ್ನದ ಊಟ ಮಾಡುವವನು. ಎಣ್ಣೆಗಾಯಿಗೆ ಎಷ್ಟು ಬದನೆಕಾಯಿ ಬೇಕಾಗಬಹುದು, ರೇಟು ಹೇಗೆ ಎಂದು ಕೇಳಿದರೆ ಸಿಟ್ಟು ಮಾಡಿದ. "ಅಕ್ಕ, ಬದನೆಕಾಯಿ ನಂದು. ದುಡ್ಡಿನ ಮಾತೆತ್ತಿದ್ರೆ ನಾಳೆಯಿಂದ ಬೇರೆ ಮೆಸ್ಸಿಗೆ ಹೋಗ್ತೀನಿ" ಎಂದ. ಪಂಚಕಳಶಕ್ಕೆ ಐದು ತಂಬಿಗೆಗಳನ್ನು ಐದು ಮನೆಯಿಂದ ಕೇಳಿ ಇಟ್ಟಿದ್ದೇನೆ. ಒಂದೊಂದು ಒಂದೊಂದು ಅಳತೆ. ಒಂದು ತಮಿಳರ ಮನೆಯದು. ತೊಳೆದರೆ ಎಲ್ಲವೂ ಹೊಳೆಯುತ್ತವೆ.

ಹಾಗಾದರೆ ರೊಟ್ಟಿಯ ದುಡ್ಡು ಎಲ್ಲಿ ಹೋಯಿತು ಎನ್ನುತ್ತೀರಿ. ಮುಚ್ಚಿಡುವುದಿಲ್ಲ. ಮಗಳ ಧಾರೆ ಸೀರೆಗೆ ಹೋಗಿದೆ, ಅಳಿಯನಿಗೆ ಲಿಂಗ ಇಟ್ಟುಕೊಳ್ಳಲು ಬೆಳ್ಳಿಯ ಕರಡಿಗೆಗೆ ಹೋಗಿದೆ. ಇವೆರಡು ಬೇರೆಯವರಿಂದ ಬರಬಾರದು, ತಾಯಿಯ ಕೈಯಿಂದಲೇ ಬರಬೇಕು ಅನ್ನಿಸಿತು.

ನನಗೂ ಅಳುಕು ಇರಲಿಲ್ಲವೆಂದಲ್ಲ. ನೀವು ಊರಿಗೆ ಹೊರಟುಹೋದ ವರ್ಷವೇ ಈ ಮಠದ ಹಿರಿಯ ಸ್ವಾಮಿಗಳ ಪಾದಕ್ಕೆ ಬಿದ್ದು, ಬುದ್ಧಿ, ಜಂಗಮರ ಸೊಸೆ ನಾನು, ರೊಟ್ಟಿ ಮಾರುತ್ತೇನೆ, ಇದು ಪಾಪವೇ ಎಂದು ಕೇಳಿದ್ದೆ. ಹಳಸಿದ್ದು ಕೊಟ್ಟಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ದುಡ್ಡಿಲ್ಲದವನನ್ನು ಎಬ್ಬಿಸಿ ಕಳಿಸಿದ್ದೀಯಾ ಎಂದರು. ಒಮ್ಮೆ ಕಳಿಸಿದ್ದೆ, ಹೇಳಿದೆ. "ಅದು ಪಾಪ. ಅದನ್ನು ಬಿಡು. ರೊಟ್ಟಿ ಬಡಿ" ಎಂದರು. ಅಂದಿನಿಂದ ಯಾರನ್ನೂ ಎಬ್ಬಿಸಿಲ್ಲ. ಲಿಂಗಪೂಜೆ ಮುಗಿಸದೆ ಒಂದು ದಿನವೂ ಒಲೆ ಹಚ್ಚಿಲ್ಲ.

ನೀವು ಹಳ್ಳಿ ಹಳ್ಳಿಯಲ್ಲಿ ಮದುವೆ ಮಾಡಿಸಿ ದಕ್ಷಿಣೆ ತೆಗೆದುಕೊಳ್ಳುತ್ತೀರಿ. ಮಂತ್ರ ಮಾರಿದಿರಿ ಎಂದು ನಾನು ಯಾವತ್ತೂ ಅಂದಿಲ್ಲ. ಇವತ್ತೂ ಅನ್ನುವುದಿಲ್ಲ. ನೆನಪಿಗೆ ಬಂತು, ಬರೆದೆ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕೆಂಗೇರಿಯಲ್ಲಿ ಎಲ್ಲ ಮಾತು ಮುಗಿದ ಮೇಲೆ ಲಕ್ಷ್ಮವ್ವನವರು, ಮಂತ್ರ ಹೇಳೋ ಐನೋರು ಯಾರು ಎಂದು ಕೇಳಿದರು. ಹುಡುಗಿಯ ಅಪ್ಪನೇ ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು. ಅವರು ಕೈ ಮುಗಿದು, ಅಂಥ ಪುಣ್ಯ ಎಷ್ಟು ಜನಕ್ಕಿದೆ ಎಂದರು. ಚೇತನಾ ಪಕ್ಕದಲ್ಲೇ ಕೂತಿದ್ದಳು. ಬಸ್ಸು ನಾಯಂಡಹಳ್ಳಿ ದಾಟಿದ ಮೇಲೆ ಕೇಳಿದಳು.

"ಅಮ್ಮ, ಅಪ್ಪ ಬರ್ತಾರೆ ಅಂತ ನಿಂಗೆ ಯಾರು ಹೇಳಿದ್ರು?"

ಯಾರೂ ಹೇಳಿಲ್ಲ, ಕಾಗದ ಬರೆದು ಕೇಳುತ್ತೇನೆ ಎಂದೆ.

ಕಿಟಕಿ ಕಡೆ ನೋಡುತ್ತಲೇ ಹೇಳಿದಳು: "ಕೇಳು. ಆದ್ರೆ ಬರದಿದ್ರೂ ಪರ್ವಾಗಿಲ್ಲ ಅಂತ ಮಾತ್ರ ಬರೀಬೇಡ."

ಏಳು ವರ್ಷದಲ್ಲಿ ಅವಳು ನಿಮ್ಮ ವಿಷಯ ಎತ್ತಿದ್ದು ಇದೇ ಮೊದಲು. ಹಾಗಾಗಿ ನಾನು ಹಾಗೆ ಬರೆಯುತ್ತಿಲ್ಲ. ಬಸವ ಜಯಂತಿಯ ದಿನ ನಿಮಗೆ ಸುತ್ತಲಿನ ಹಳ್ಳಿಯ ಮದುವೆಗಳಿರುತ್ತವೆ, ಗೊತ್ತಿದೆ. ಅವರಿಗೆ ಬೇರೆ ಅಯ್ಯನವರು ಸಿಗುತ್ತಾರೆ. ಇಲ್ಲಿ ನಾನು ಬೇರೆ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ಬರದಿದ್ದರೆ ಐದು ತಂಬಿಗೆಯ ಮುಂದೆ ಮಗಳು ಅಳಿಯ ಸುಮ್ಮನೆ ಕೂತಿರುತ್ತಾರೆ. ಇದು ಹಟ ಎಂದರೆ ಹಟವೇ ಆಗಲಿ.

ನಮ್ಮ ಮನೆಯಲ್ಲಿ ಒಂದು ತುತ್ತನ್ನೂ ಉಣ್ಣಬೇಡಿ, ಬೇಡವೆನಿಸಿದರೆ. ಮಠದಲ್ಲಿ ಇಳಿದುಕೊಳ್ಳಿ, ಬುದ್ಧಿಯವರಿಗೆ ಹೇಳಿದ್ದೇನೆ. ದಾಸೋಹದ ಅನ್ನಕ್ಕೆ ನಿಮ್ಮದೇನೂ ತಕರಾರು ಇರಲಾರದು. ಗುರುದೇವಿಯನ್ನೂ ಕರೆದುಕೊಂಡು ಬನ್ನಿ.

ಲಗ್ನಪತ್ರಿಕೆ ಜೊತೆಗಿಟ್ಟಿದ್ದೇನೆ. ನಿಮ್ಮ ಹೆಸರು ಮೊದಲಿದೆ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತು,
ಮಧ್ಯಾಹ್ನದ ಪಂಕ್ತಿ ಮುಗಿಸಿ ಕೂತು ಬರೆದ
ಜಯದೇವಿ

ತಾ.ಕ.: ಇದನ್ನು ನಿಮಗೆ ಹೇಳಕೂಡದೆಂದು ಗುರುದೇವಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಶಿವ ಕ್ಷಮಿಸಲಿ. ಅವಳ ಕೈಗಂಟು ಊದಿಕೊಂಡು ಐದು ವರ್ಷವಾಯಿತು, ಅವಳಿಗೆ ರೊಟ್ಟಿ ಬಡಿಯಲು ಆಗುವುದಿಲ್ಲ. ನೀವು ದಿನವೂ ಉಣ್ಣುವ ಖಡಕ್ ರೊಟ್ಟಿ ನನ್ನವು. ಗದಗಿನ ಬಸ್ಸಿನ ಡ್ರೈವರ್ ಕೆಂಚಪ್ಪ ನಮ್ಮಲ್ಲೇ ಊಟ ಮಾಡುತ್ತಾನೆ. ಹದಿನೈದು ದಿನಕ್ಕೊಮ್ಮೆ ಬಟ್ಟೆಯಲ್ಲಿ ಕಟ್ಟಿ ಅವನ ಕೈಯಲ್ಲಿ ಕಳಿಸುತ್ತೇನೆ. ಹೋದ ಸಂಕ್ರಾಂತಿಗೆ ನೀವು, "ಗುರುದೇವಿ, ನಿನ್ನ ಕೈಗೂ ಈಗ ನಮ್ಮ ಮನೀ ರುಚಿ ಬಂತ ನೋಡು" ಎಂದಿರಂತೆ. ಅವಳು ಫೋನಿನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟೆ. ಆ ಜೋಳವೂ ರೊಟ್ಟಿ ಮಾರಿದ ದುಡ್ಡಿನದೇ. ಪಾಪವಾಗಿದ್ದರೆ ಇಬ್ಬರಿಗೂ ತಟ್ಟಿದೆ, ಪುಣ್ಯವಾಗಿದ್ದರೂ ಅಷ್ಟೇ. ಅವಳನ್ನು ಬೈಯಬೇಡಿ. ಬೈಯಲೇಬೇಕು ಅನ್ನಿಸಿದರೆ ಇಲ್ಲಿಗೇ ಬಂದು ನನ್ನನ್ನು ಬೈಯಿರಿ, ಮೇ ಹತ್ತರ ಸಂಜೆಯೊಳಗೆ.